ಕುರಕುಂಭದ ಕೋಣೆಯೂ ಫೋನಿನ ತಿರುಳೂ

ಪುಣೆಯನ್ನು ಬಿಟ್ಟು ಸೊಲ್ಲಾಪುರದ ಹೆದ್ದಾರಿಯಲ್ಲಿ ಸುಮಾರು 80 ಕಿಲೋಮೀಟರು ಸಾಗಿದ ಮೇಲೆ, ಕಬ್ಬಿನ ಹೊಲಗಳ ಹಸುರು ತೆಳುವಾಗುತ್ತ ಬಂದು ಬರಡು ಬಯಲು ಮೊದಲಾಗುವ ಎಡೆಯಲ್ಲಿ, ಕಣ್ಣಿಗಿಂತ ಮುಂಚೆ ಮೂಗಿಗೆ ತನ್ನ ಇರವನ್ನು ತಿಳಿಯಪಡಿಸುವ ಊರೊಂದುಂಟು, ಅದೇ ಕುರಕುಂಭ. ದೌಂಡ್ ತಾಲೂಕಿಗೆ ಸೇರಿದ ಈ ಗ್ರಾಮವು ಫಿರಂಗಾಯಿ ದೇವಿಯ ಗುಡಿಯಿಂದ ಸುತ್ತಣ ಸೀಮೆಗೆ ಪರಿಚಿತವಾದುದಾದರೂ, ಹೊರಗಿನವರು ಅದನ್ನು ಬಲ್ಲುದು ಎಂಐಡಿಸಿ ಎಂದು ಎಲ್ಲರೂ ಕರೆಯುವ ಅಲ್ಲಿಯ ಕೈಗಾರಿಕಾ ವಸಾಹತಿನಿಂದ, ಔಷಧಗಳ ಮೂಲದ್ರವ್ಯಗಳನ್ನೂ ನಾನಾ ರಾಸಾಯನಿಕಗಳನ್ನೂ ಹಗಲಿರುಳೆನ್ನದೆ ಕಾಯಿಸಿ ಕುದಿಸುವ ಕಾರ್ಖಾನೆಗಳಿಂದ. ಮುಂಬಯಿ ಬೆಂಗಳೂರುಗಳ ನಡುವಣ ಉದ್ಯಾನ್ ಎಕ್ಸ್‌ಪ್ರೆಸ್ ಹಾಯ್ದುಹೋಗುವ ದೌಂಡ್ ಜಂಕ್ಷನ್ ಹತ್ತಿರದಲ್ಲೇ ಇರುವುದರಿಂದಲೂ, ಅದೇ ಹಳಿಯ ಮೇಲೆ ಸೊಲ್ಲಾಪುರವನ್ನು ದಾಟಿದರೆ ಕಲಬುರಗಿಯೇ ಸಿಕ್ಕುವುದರಿಂದಲೂ, ಅಲ್ಲಿಯ ಬಾಡಿಗೆಯ ಕೋಣೆಗಳಲ್ಲಿ ಮರಾಠಿ ಹಿಂದಿಗಳ ನಡುವೆ ನಮ್ಮ ಈಶಾನ್ಯದ ಕನ್ನಡ ಕಿವಿಗೆ ಬಿದ್ದರೆ ಅಚ್ಚರಿಪಡಬೇಕಾದುದಿಲ್ಲ.

2012ರಿಂದ ಕೆಲವು ವರ್ಷ ನಾನು ಅಂಥದೊಂದು ಕೋಣೆಯಲ್ಲಿ ವಾಸವಾಗಿದ್ದೆನು. ಗೋಡೆಯಾಚೆಯ ಕೋಣೆಯಲ್ಲಿ ಕಲಬುರಗಿ ಸೀಮೆಯ ತರುಣನೊಬ್ಬನಿದ್ದನು. ಕಾರ್ಖಾನೆಯ ರಿಯಾಕ್ಟರಿನ ಮುಂದೆ ನಿಂತು ಉಷ್ಣತೆಯ ಮುಳ್ಳನ್ನು ಕಾಯುವುದು ಅವನ ಉದ್ಯೋಗ. ಒಂದು ರಾತ್ರಿಪಾಳಿಯ ಮರುದಿನ ಅವನು ಕೆಂಪೇರಿದ ಕಣ್ಣುಗಳೊಡನೆ ಬಂದು, ಯಾರೋ ಬಳಸಿ ಬಿಟ್ಟಿದ್ದ ಎಲ್‌ಜಿ ಆಪ್ಟಿಮಸ್ ಒನ್ ಎಂಬ ಫೋನನ್ನು ನನ್ನ ಮುಂದಿಟ್ಟು, "ಕಾಕಾ, ಇದರಾಗ ಕನ್ನಡ ಬರಂಗಿಲ್ರಿ, ಬರೇ ಡಬ್ಬಿ ಡಬ್ಬಿ ಕಾಣ್ತಾವ," ಎಂದನು. ತಂಗಿ ಊರಿನಿಂದ ಕನ್ನಡದಲ್ಲಿ ಬರೆದ ಸಂದೇಶ ಅವನ ಕೈಯಲ್ಲಿ ಶೂನ್ಯ ಚೌಕಗಳ ಸಾಲಾಗಿ ಮೂಡಿತ್ತು. ಈ ಪ್ರಬಂಧದಲ್ಲಿ ನಾನು ಹೇಳಹೊರಟಿರುವ, ಫೋನಿನ ತಿರುಳನ್ನೇ ಬದಲಿಸುವ ಕಸಬಿನ ಚರಿತ್ರೆಯು ಜಗತ್ತಿನ ಇತರ ಎಡೆಗಳಲ್ಲಿ ವೇಗದ ಮೋಹದಿಂದ ಹುಟ್ಟಿತೆಂದು ಬಲ್ಲವರು ಹೇಳುತ್ತಾರೆ. ಆದರೆ ನಮ್ಮ ಓಣಿಯಲ್ಲಿ ಅದು ಹುಟ್ಟಿದ್ದು ಈ ಡಬ್ಬಿಗಳಿಂದ.

ಸಂಗತಿಯೇನೆಂದರೆ, ಆಂಡ್ರಾಯ್ಡ್ ಎಂಬ ಕಾರ್ಯಾಚರಣ ವ್ಯವಸ್ಥೆಯು 2008ರ ಅಕ್ಟೋಬರಿನಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಎಚ್‌ಟಿಸಿ ಡ್ರೀಮ್ ಫೋನಿನೊಡನೆ ಲೋಕಕ್ಕೆ ಕಾಲಿಟ್ಟಿತಾದರೂ, ಕನ್ನಡ, ತೆಲುಗು, ಮಲಯಾಳಗಳ ಲಿಪಿಗಳನ್ನು ಅದು ತನ್ನದಾಗಿ ಸ್ವೀಕರಿಸಿದುದು 2012ರ ಮಧ್ಯಭಾಗದಲ್ಲಿ ಹೊರಬಂದ 4.1ನೆಯ ಆವೃತ್ತಿಯಲ್ಲಿ. ಅದಕ್ಕೆ ಹಿಂದಿನ ಫೋನುಗಳಲ್ಲಿ ತಯಾರಕನು ತಾನಾಗಿ ಅಕ್ಷರಗಳನ್ನು ಒದಗಿಸಿದ್ದರೆ ಸರಿ, ಇಲ್ಲವಾದರೆ ಒತ್ತಕ್ಷರವಿರಲಿ, ಅಕಾರವೂ ಕಾಣದು. 2010ರಲ್ಲಿ ಹೊರಬಂದ ಆಪ್ಟಿಮಸ್ ಒನ್ 2.2ನೆಯ ಆವೃತ್ತಿಯಿಂದ ಹೊರಟು 2.3ರಲ್ಲಿ ನಿಂತುಬಿಟ್ಟಿತ್ತು, ಅದರಾಚೆಗೆ ಕಂಪನಿಯ ಕೃಪೆ ಇರಲಿಲ್ಲ. ಆದುದರಿಂದ ಕನ್ನಡವನ್ನು ಓದಬೇಕೆಂದವನು ಫೋನನ್ನು 'ರೂಟ್' ಮಾಡಿ, ಎಂದರೆ ಅದರ ಒಡೆತನದ ಬೀಗವನ್ನು ತೆಗೆದು, ಹವ್ಯಾಸಿಗಳು ಕಟ್ಟಿದ ಹೊಸ ಕಾರ್ಯಾಚರಣ ವ್ಯವಸ್ಥೆಯಾದ 'ಕಸ್ಟಮ್ ರಾಮ್' ಒಂದನ್ನು ಅದರೊಳಗೆ ಇಳಿಸಬೇಕಾಗಿತ್ತು. (ಪಕ್ಕದ ಕೋಣೆಯ ಹುಡುಗರು "ರಾಮ್ ಹಾಕೀನಿ" ಎಂದು ಹೇಳಿಕೊಳ್ಳುತ್ತಿದ್ದುದನ್ನು ಕೇಳಿ ನಮ್ಮ ವಠಾರದ ಹಿರಿಯರೊಬ್ಬರು ಇವರು ಭಜನೆಯ ಹುಡುಗರೆಂದು ಬಹುಕಾಲ ಭಾವಿಸಿದ್ದರು.) 2009ರಲ್ಲಿ ಸ್ಟೀವ್ ಕಾಂಡಿಕ್ ಎಂಬಾತನು ಮೊದಲುಮಾಡಿದ ಸಯನೋಜನ್‌ಮಾಡ್ ಎಂಬ ಪಾಠವನ್ನು ಆಧರಿಸಿ, 4.1ನೆಯ ಆವೃತ್ತಿಯನ್ನು ಈ ಹಳೆಯ ಫೋನಿಗೂ ಹೊಂದಿಸಿಕೊಟ್ಟ ಪುಣ್ಯಾತ್ಮರಿದ್ದರು. ಅದನ್ನು ಇಳಿಸಿದಮೇಲೆ ತಂಗಿಯ ಸಂದೇಶ ತಂಗಿಯ ಮಾತಾಯಿತು. ಆದರೆ ಹೊಸ ಹೊರೆಯನ್ನು ಹೊರಲು ಹಳೆಯ ಎತ್ತಿಗೆ ಶಕ್ತಿ ಸಾಲದು: 600 ಮೆಗಾಹರ್ಟ್ಸ್ ವೇಗದ ಒಂದೇ ಒಂದು ಸಂಸ್ಕಾರಕ, 512 ಮೆಗಾಬೈಟಿನ ಸ್ಮೃತಿ, ಕರೆ ಬಂದರೆ ಎತ್ತುವ ಗುಂಡಿ ಕಾಣಿಸುವಷ್ಟರಲ್ಲಿ ಕರೆದವನು ಬೇಸತ್ತು ಕೈಬಿಡುವ ಸ್ಥಿತಿ. ಹೀಗೆ ಭಾಷೆಗಾಗಿ ರಾಮ್, ರಾಮ್‌ನ ಭಾರಕ್ಕಾಗಿ ವೇಗ, ವೇಗಕ್ಕಾಗಿ ಕರ್ನೆಲ್ ಎಂಬ ಕ್ರಮದಲ್ಲಿ ಆ ತರುಣನು ಈ ವಿದ್ಯೆಯ ಹೊಸ್ತಿಲನ್ನು ತುಳಿದನು. ಅವನ ಹಿಂದೆ ನಾನೂ.

ಕರ್ನೆಲ್ ಎಂದರೆ ಕಾಳಿನ ತಿರುಳು. ಯಂತ್ರದ ಲೋಹಸಿಲಿಕಾನುಗಳಿಗೂ ನಾವು ಮುಟ್ಟುವ ಆ್ಯಪ್‌ಗಳಿಗೂ ನಡುವೆ ನಿಂತು, ಯಾವ ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಸ್ಮೃತಿ, ಎಷ್ಟು ವಿದ್ಯುತ್ತು ಎಂದು ಹಂಚಿಕೊಡುವ ಮೂಲ ತಂತ್ರಾಂಶವೇ ಅದು. ಆಂಡ್ರಾಯ್ಡಿನ ತಿರುಳು ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಲಿನಕ್ಸ್. ಮರುವರ್ಷ ಅವನು ಅದನ್ನು ಜಿಪಿಎಲ್ ಎಂಬ ಪರವಾನಗಿಗೆ ಒಳಪಡಿಸಿದುದು ಈ ನಮ್ಮ ಚರಿತ್ರೆಯಲ್ಲಿ ಯಾವ ಚಿಪ್ಪಿನ ಆವಿಷ್ಕಾರಕ್ಕಿಂತಲೂ ಮುಖ್ಯವಾದ ಘಟನೆಯೆಂದು ನನ್ನ ಅಭಿಮತ. ಏಕೆಂದರೆ ಆ ಪರವಾನಗಿಯ ಮೇರೆಗೆ, ಲಿನಕ್ಸನ್ನು ಮಾರ್ಪಡಿಸಿ ವಸ್ತುವಿನಲ್ಲಿಟ್ಟು ಮಾರುವವನು, ತಾನು ಮಾಡಿದ ಮಾರ್ಪಾಟುಗಳ ಮೂಲಸಂಕೇತವನ್ನು ಕೊಂಡವನಿಗೆ ತೆರೆದು ತೋರಿಸತಕ್ಕದ್ದು. ಫೋನಿನ ಮಿಕ್ಕೆಲ್ಲ ಅಂಗಗಳ ಮೇಲೂ ತಯಾರಕನ ಮುದ್ರೆ ಬಿದ್ದಿರುವಾಗ, ತಿರುಳಿನ ಮೇಲೆ ಮಾತ್ರ ಕೊಂಡವನಿಗೂ ಒಂದು ಹಕ್ಕು ಉಳಿದಿತ್ತು. ಕಳವಿನ ಛಾಯೆಯಿದ್ದಂತೆ ತೋರುವ ಈ ಕಸಬು ವಾಸ್ತವವಾಗಿ ಒಂದು ಕರಾರಿನ ಆಧಾರದ ಮೇಲೆ ನಿಂತುದು. ಅದನ್ನು ಬಲ್ಲವರು ಆ ಹುಡುಗರಲ್ಲಿ ವಿರಳ.

'ಓವರ್‌ಕ್ಲಾಕ್' ಎಂದು ಕರೆಯುವ, ವೇಗವನ್ನು ಹೆಚ್ಚಿಸುವ ಹವ್ಯಾಸವೇನೋ ಫೋನಿಗಿಂತ ಹಳೆಯದು. 1998ರಲ್ಲಿ ಇಂಟೆಲ್ ಕಂಪನಿಯು ಬಡವರ ಗಣಕಗಳಿಗೆಂದು ಹೊರತಂದ ಸೆಲೆರಾನ್ 300ಎ ಎಂಬ ಸಂಸ್ಕಾರಕವನ್ನು, ಅದರ 'ಬಸ್' ಎಂಬ ಮಾಹಿತಿಮಾರ್ಗದ ವೇಗವನ್ನು 66ರಿಂದ 100 ಮೆಗಾಹರ್ಟ್ಸಿಗೆ ಏರಿಸುವ ಉಪಾಯದಿಂದ, 300ರ ಬದಲು 450ರಲ್ಲಿ ಓಡಿಸಿದವರು ಲೋಕದಾದ್ಯಂತ ಇದ್ದರು. ಫೋನಿನ ಕ್ಷೇತ್ರದಲ್ಲಿ ಇದಕ್ಕೆ ನಾಂದಿಯಾದುದು ಮೇಲೆ ಹೇಳಿದ ಎಚ್‌ಟಿಸಿ ಡ್ರೀಮ್. ಅದರ ಸಂಸ್ಕಾರಕವು 528 ಮೆಗಾಹರ್ಟ್ಸಿಗೆ ಯೋಗ್ಯವಾದುದಾಗಿದ್ದರೂ ಬ್ಯಾಟರಿಯ ಮೇಲಣ ಕರುಣೆಯಿಂದ 384ಕ್ಕೆ ಕಟ್ಟಿಹಾಕಲ್ಪಟ್ಟಿತ್ತು. ಮೊದಲಿನವರು ಮಾಡಿದುದು ಆ ಕಟ್ಟನ್ನು ಬಿಚ್ಚಿದ್ದಷ್ಟೆ. ನಿಜವಾದ ದುಸ್ಸಾಹಸ ಕಂಡದ್ದು ಮರುವರ್ಷದ ಮೊಟೊರೋಲಾ ಡ್ರಾಯ್ಡ್ ಫೋನಿನಲ್ಲಿ. 550 ಮೆಗಾಹರ್ಟ್ಸಿನಲ್ಲಿ ಮಾರಾಟವಾದ ಆ ಯಂತ್ರವನ್ನು 1000ದ ಆಚೆಗೂ ಓಡಿಸಿ, ಅಂಗೈ ಸುಡುವವರೆಗೆ ಹಿಡಿದು ಕುಳಿತವರ ಕಥೆಗಳು ಬಹುಕಾಲ ಈ ಪಂಥದ ಪುರಾಣವಾಗಿದ್ದುವು.

ಇನ್ನು ಆಯ್ಕೆಯ ವಿಚಾರ. ಅನನುಭವಿಗಳು ಕರ್ನೆಲನ್ನು ಅದರ ಗರಿಷ್ಠ ವೇಗದ ಅಂಕಿಯನ್ನು ನೋಡಿ ಆರಿಸುತ್ತಿದ್ದರು. ಇದು ಎತ್ತನ್ನು ಕೋಡಿನ ಉದ್ದ ನೋಡಿ ಕೊಂಡಂತೆ. ಪಳಗಿದವರು ಮೊದಲು ನೋಡುತ್ತಿದ್ದುದು ಅದು ತಮ್ಮ ಫೋನಿನ ನಿಶ್ಚಿತ ಮಾದರಿಗೆ, ತಾವು ಇಳಿಸಿಕೊಂಡಿರುವ ರಾಮ್‌ನ ನಿಶ್ಚಿತ ಆವೃತ್ತಿಗೆ ಕಟ್ಟಿದುದೇ ಎಂಬುದನ್ನು. ಹೆಸರಿನ ಒಂದಕ್ಷರ ಬೇರೆಯಾದರೂ ಒಳಗಿನ ಪರದೆಯ ಚಾಲಕ ತಂತ್ರ ಬೇರೆಯಾಗಿ, ಫೋನು ಕತ್ತಲಲ್ಲಿ ಕಣ್ಣುಬಿಡುವ ಸಂಭವವಿತ್ತು. ಆಮೇಲೆ ನೋಡುತ್ತಿದ್ದುದು 'ಗವರ್ನರ್'ಗಳನ್ನು. ಇವರು ರಾಜಭವನದ ಗವರ್ನರುಗಳಲ್ಲ. 1788ರಲ್ಲಿ ಜೇಮ್ಸ್ ವಾಟ್ ಉಗಿಯಂತ್ರಕ್ಕೆ ಅಳವಡಿಸಿದ, ಎರಡು ಲೋಹದ ಗುಂಡುಗಳು ಸುತ್ತುತ್ತ ಮೇಲೇರಿ ಉಗಿಯ ಹರಿವನ್ನು ತಗ್ಗಿಸುವ ಆ ಚತುರ ಸಾಧನದಿಂದ ಬಂದ ಹೆಸರು. ಕೆಲಸ ಬಂದಾಗ ವೇಗವನ್ನು ಏರಿಸಿ, ತೀರಿದಾಗ ಇಳಿಸುವ ನಿಯಮಾವಳಿಗೆ ಲಿನಕ್ಸಿನಲ್ಲಿ ಆ ಹೆಸರೇ ಉಳಿದಿದೆ. ಇವುಗಳಲ್ಲಿ ಪ್ರಸಿದ್ಧವಾದ 'ಆನ್‌ಡಿಮ್ಯಾಂಡ್' 2004ರಲ್ಲಿ ಲಿನಕ್ಸನ್ನು ಸೇರಿತು. ಇಂಟೆಲ್ಲಿನ ವೆಂಕಟೇಶ್ ಪಲ್ಲಿಪಾಡಿ ಮತ್ತು ಅಲೆಕ್ಸಿ ಸ್ಟಾರಿಕೊವ್‌ಸ್ಕಿ ಎಂಬಿಬ್ಬರು 2006ರಲ್ಲಿ ಒಟ್ಟಾವಾದ ಲಿನಕ್ಸ್ ಗೋಷ್ಠಿಯಲ್ಲಿ ಅದನ್ನು ಕುರಿತು ಪ್ರಬಂಧವನ್ನು ಮಂಡಿಸಿದರು. ಕುರಕುಂಭದ ಕೋಣೆಯಲ್ಲಿ ನನ್ನ ನೆರೆಯವನು ಆನ್‌ಡಿಮ್ಯಾಂಡನ್ನು 'ಆಳು' ಎಂದೂ, ಸದಾ ಗರಿಷ್ಠ ವೇಗದಲ್ಲೇ ಓಡುವ 'ಪರ್ಫಾರ್ಮೆನ್ಸ್'ಅನ್ನು 'ಹುಚ್ಚ' ಎಂದೂ, ತೆವಳುವ 'ಪವರ್‌ಸೇವ್'ಅನ್ನು 'ಜಿಪುಣ' ಎಂದೂ ಕರೆಯುತ್ತಿದ್ದನು. ಪ್ರಬಂಧಕಾರರಿಬ್ಬರೂ ಆ ಹೆಸರುಗಳನ್ನು ಒಪ್ಪಿಕೊಳ್ಳುತ್ತಿದ್ದರೆಂದೇ ನನ್ನ ಭಾವನೆ.

ಮೂರನೆಯದು, ಮತ್ತು ಸೂಕ್ಷ್ಮವಾದುದು, ವೋಲ್ಟೇಜು. ಸಂಸ್ಕಾರಕವು ನುಂಗುವ ವಿದ್ಯುಚ್ಛಕ್ತಿಯು ವೇಗಕ್ಕೆ ನೇರವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಹೆಚ್ಚುತ್ತದೆ. ಆಪ್ಟಿಮಸ್ ಒನ್ ಫೋನನ್ನು ಹವ್ಯಾಸಿಗಳು ಸಾಮಾನ್ಯವಾಗಿ ಏರಿಸುತ್ತಿದ್ದ ವೇಗ 748 ಮೆಗಾಹರ್ಟ್ಸ್, ಖಚಿತವಾಗಿ ಹೇಳಬೇಕಾದರೆ 748.8: ಅಂಥ ಚಿಪ್ಪುಗಳಿಗೆ ತಾಳ ಹಿಡಿಯುವ ಸ್ಫಟಿಕದ ಸ್ಪಂದನ 19.2 ಮೆಗಾಹರ್ಟ್ಸ್ ಆಗಿದ್ದು, ಅದರ 39 ಪಟ್ಟು ಈ ಅಂಕಿ. ಎಂದರೆ ವೇಗದಲ್ಲಿ ಶೇಕಡಾ 25ರಷ್ಟು ಲಾಭ. ಆ ವೇಗದಲ್ಲಿ ನಡುಗದೆ ನಿಲ್ಲಲು ವೋಲ್ಟೇಜನ್ನು ಶೇಕಡಾ 5ರಷ್ಟು ಏರಿಸಿದರೆ, ವ್ಯಯ ಶೇಕಡಾ 38ರಷ್ಟು ಹೆಚ್ಚುತ್ತದೆ. ಹೆಚ್ಚಿದ್ದೆಲ್ಲ ಕಾವಾಗಿ ಹೊರಬರುತ್ತದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ನೆರಳಿನಲ್ಲೇ 40 ಡಿಗ್ರಿಯನ್ನು ಮುಟ್ಟುವ ದೌಂಡ್ ಸೀಮೆಯಲ್ಲಿ, ತಗಡಿನ ಮಾಡಿನ ಕೆಳಗೆ, ಆ ಕಾವು ಹೋಗುವುದಾದರೂ ಎಲ್ಲಿಗೆ? ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸರಿಸುಮಾರು ಇಮ್ಮಡಿಸುತ್ತದೆಂಬ ಸ್ಥೂಲನಿಯಮವನ್ನು ಹೊಟ್ಟೆಪಾಡಿಗಾಗಿಯೇ ಅರಿತಿದ್ದ ಆ ತರುಣನಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಪ್ರತಿಯೊಂದು ರಿಯಾಕ್ಟರಿನ ಹೊಟ್ಟೆಯ ಮೇಲೂ ಅದು ತಾಳಬಲ್ಲ ಒತ್ತಡ ಉಷ್ಣತೆಗಳನ್ನು ಕೆತ್ತಿದ ಫಲಕವೊಂದಿರುತ್ತದೆ. ಕೆತ್ತಿದವನು ಕೊಂಚ ಅವಕಾಶವನ್ನು ಬಿಟ್ಟೇ ಕೆತ್ತಿರುತ್ತಾನೆಂಬುದು ಎಲ್ಲ ಕೆಲಸಗಾರರಿಗೂ ಗೊತ್ತು, ಆ ಅವಕಾಶ ಎಷ್ಟೆಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಓವರ್‌ಕ್ಲಾಕಿನ ಸಮಸ್ತ ತತ್ತ್ವವೂ ಇದರಲ್ಲಿ ಅಡಗಿದೆ.

ಆ ಅವಕಾಶವು ಒಂದೇ ಮಾದರಿಯ ಎರಡು ಫೋನುಗಳಲ್ಲಿ ಸಮನಾಗಿರುವುದೂ ಇಲ್ಲ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳಲ್ಲಿಯೂ, ಒಂದೇ ಆವಿಗೆಯ ಮಡಕೆಗಳಲ್ಲಿರುವಂತೆ, ಗಟ್ಟಿಯಾದುವೂ ಸಡಿಲವಾದುವೂ ಇರುತ್ತವೆ. ಕ್ವಾಲ್‌ಕಾಮ್ ಕಂಪನಿಯು ತನ್ನ ಚಿಪ್ಪುಗಳನ್ನು ಪರೀಕ್ಷಿಸಿ ದರ್ಜೆಯನ್ನು ಅವುಗಳೊಳಗೇ ಬರೆದಿಡುತ್ತಿತ್ತು. 2012ರ ಕೊನೆಯಲ್ಲಿ ಬಂದ ನೆಕ್ಸಸ್ 4 ಫೋನಿನಲ್ಲಿ ಕರ್ನೆಲ್ ಅದನ್ನು ಓದಿ, ನಿಧಾನ, ಸಾಧಾರಣ, ವೇಗ, ಅತಿವೇಗ ಎಂಬ ನಾಲ್ಕು ವರ್ಗಗಳಿಗೆ ತಕ್ಕ ವೋಲ್ಟೇಜನ್ನು ಕೊಡುತ್ತಿತ್ತು. ಆದುದರಿಂದಲೇ ಒಬ್ಬನ ಫೋನಿನಲ್ಲಿ ವಾರಗಟ್ಟಲೆ ನಿಶ್ಚಿಂತೆಯಾಗಿ ಓಡಿದ ಅಂಕಿ ಇನ್ನೊಬ್ಬನಲ್ಲಿ ಐದು ನಿಮಿಷಕ್ಕೆ ಹೆಪ್ಪುಗಟ್ಟುತ್ತಿತ್ತು. ಗೆಳೆಯನ ಅಂಕಿಯನ್ನು ನಕಲುಮಾಡಬೇಡ, ಒಂದೊಂದೇ ಮೆಟ್ಟಿಲೇರು, ಒಂದು ಹಗಲು ಒಂದು ರಾತ್ರಿ ಪರೀಕ್ಷಿಸದೆ 'ಬೂಟ್ ಆದಾಗಲೇ ಅನ್ವಯಿಸು' ಎಂಬ ಗುರುತನ್ನು ಹಾಕಬೇಡ ಎಂಬಿವು ಈ ಪಂಥದ ಅಲಿಖಿತ ಸ್ಮೃತಿಗಳು. ಕೊನೆಯದನ್ನು ಮೀರಿದವನ ಫೋನು ಎದ್ದೊಡನೆ ಬೀಳುವುದು, ಬಿದ್ದೊಡನೆ ಏಳುವುದು. ಇದಕ್ಕೆ 'ಬೂಟ್‌ಲೂಪ್' ಎಂದು ಹೆಸರು.

ಕರ್ನೆಲ್ ಕಟ್ಟುವವರ ಕೀರ್ತಿಯೂ ಆಯ್ಕೆಯಲ್ಲಿ ಪಾತ್ರವಹಿಸುತ್ತಿತ್ತು. ಆಪ್ಟಿಮಸ್ ಒನ್‌ಗಾಗಿ ಕಟ್ಟಿದವರಲ್ಲಿ ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಫ್ರಾಂಕೊ ಹೆಸರಾದನು. ಮುಂದೆ ನೆಕ್ಸಸ್ ಫೋನುಗಳ ಕಾಲದಲ್ಲಿ ಅವನ ಕರ್ನೆಲ್ ಮನೆಮಾತಾಯಿತು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ 2 ಫೋನಿಗೆ ತುರ್ಕಿಯ ಗೊಖಾನ್ ಮೊರಾಲ್ ಕಟ್ಟಿದ 'ಸಿಯಾಹ್' ಇತ್ತು. ತುರ್ಕಿ ಭಾಷೆಯಲ್ಲಿ ಅದಕ್ಕೆ ಕಪ್ಪು ಎಂದರ್ಥ, ಹಿಂದಿಯ 'ಸಿಯಾಹಿ'ಯನ್ನು ಬಲ್ಲ ನಮ್ಮ ಹುಡುಗರಿಗೆ ಅದು ಅಪರಿಚಿತವೆನಿಸಲಿಲ್ಲ. 1.2 ಗಿಗಾಹರ್ಟ್ಸಿನ ಆ ಫೋನನ್ನು 1.6ಕ್ಕೆ ಏರಿಸುವುದು ಅಂದಿನ ಶೂರರ ಲಕ್ಷಣ.

ಆಯ್ದುದನ್ನು ಒಳಗಿಳಿಸುವ ಕರ್ಮಕ್ಕೆ 'ಫ್ಲ್ಯಾಶ್' ಎನ್ನುತ್ತಾರೆ. ತೊಷಿಬಾ ಕಂಪನಿಯ ಫುಜಿಯೊ ಮಸುಓಕ 1980ರ ದಶಕದ ಆರಂಭದಲ್ಲಿ ಕಂಡುಹಿಡಿದ ಸ್ಮೃತಿಕೋಶವು ಕ್ಯಾಮೆರಾದ ಮಿಂಚಿನಂತೆ ಒಮ್ಮೆಲೇ ಅಳಿಸಿಹೋಗುವುದನ್ನು ಕಂಡು ಅವನ ಸಹೋದ್ಯೋಗಿಯೊಬ್ಬನು ಇಟ್ಟ ಹೆಸರದು; ವಸ್ತುವಿನ ಹೆಸರು ಕಾಲಕ್ರಮದಲ್ಲಿ ಕ್ರಿಯೆಗೆ ಸಂದಿತು. ವಿಧಿ ಹೀಗೆ: ಬ್ಯಾಟರಿಯನ್ನು ಪೂರ್ತಿ ತುಂಬಿಸುವುದು, ಇದ್ದುದರ ಸಮಗ್ರ ಪ್ರತಿಯನ್ನು ತೆಗೆದು ಮೆಮೊರಿ ಕಾರ್ಡಿನಲ್ಲಿ ಇರಿಸುವುದು, ಫೋನನ್ನು ಆರಿಸಿ, ಗುಂಡಿಗಳನ್ನು ಒಟ್ಟಿಗೆ ಅದುಮಿ ಹಿಡಿದು ರಿಕವರಿ ಎಂಬ ಹಿಂಬಾಗಿಲನ್ನು ಪ್ರವೇಶಿಸುವುದು, ಜಿಪ್ ಕಡತವನ್ನು ಆಯ್ದು ಒಪ್ಪಿಗೆಯನ್ನೊತ್ತುವುದು. ಕಡತದೊಳಗಿನ ತಿರುಳು ಫೋನಿನ ಬೂಟ್ ವಿಭಾಗವನ್ನು ಸೇರಲು ಅರ್ಧ ನಿಮಿಷವೂ ಬೇಡ. ಆದರೆ ಮರುಕ್ಷಣ ಕತ್ತಲಾದ ಪರದೆಯ ಮೇಲೆ ಕಂಪನಿಯ ಲಾಂಛನ ಮೂಡುವವರೆಗಿನ ಕಾಲವನ್ನು ನಾನು ಹೆರಿಗೆಮನೆಯ ಹೊರಗಿನ ಕಾಲಕ್ಕೆ ಮಾತ್ರ ಹೋಲಿಸಬಲ್ಲೆ. ಲಾಂಛನ ಮೂಡದಿದ್ದರೆ ಫೋನು 'ಬ್ರಿಕ್' ಆಯಿತೆನ್ನುವರು. ಇಟ್ಟಿಗೆ, ಗೋಡೆಗೂ ಬಾರದ ಇಟ್ಟಿಗೆ. ನನ್ನದೊಂದು ಫೋನು, ವೇಗವನ್ನೇರಿಸಿ ವೋಲ್ಟೇಜನ್ನು ಇಳಿಸಿದ ನನ್ನ ದುರಾಸೆಯ ದೆಸೆಯಿಂದ, ಎರಡು ದಿನ ಇಟ್ಟಿಗೆಯ ಅವಸ್ಥೆಯಲ್ಲಿದ್ದು, ಬ್ಯಾಟರಿಯನ್ನು ಕಿತ್ತು, ಹಳೆಯ ಪ್ರತಿಯನ್ನು ಮರಳಿಸಿದ ಮೇಲೆ ಎದ್ದಿತು. ಮಗನ ಮೊದಲ ಹುಟ್ಟುಹಬ್ಬದ ಚಿತ್ರಗಳು ಮಾತ್ರ ಏಳಲಿಲ್ಲ.

ಇಟ್ಟಿಗೆಯಾಗುವ ದೋಷ ಸದಾ ಹವ್ಯಾಸಿಯದೇ ಆಗಿರಲಿಲ್ಲವೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. 2012ರಲ್ಲಿ ಗ್ಯಾಲಕ್ಸಿ ನೋಟ್ ಮೊದಲಾದ ಫೋನುಗಳ ಸಂಗ್ರಹಚಿಪ್ಪಿನಲ್ಲಿ ಒಂದು ದೋಷವು ಬಯಲಿಗೆ ಬಂತು: ತಯಾರಕರೇ ಕೊಟ್ಟ ಆಂಡ್ರಾಯ್ಡ್ 4.0ರ ಕರ್ನೆಲ್ ಇದ್ದಾಗ ರಿಕವರಿಯಿಂದ ಎಲ್ಲವನ್ನೂ ಅಳಿಸಲು ಹೋದರೆ ಚಿಪ್ಪು ಶಾಶ್ವತವಾಗಿ ಕೆಡುವ ಸಂಭವವಿತ್ತು. ಅಳಿಸುವ ಆ ಆಜ್ಞೆಯನ್ನು ತಡೆದು ಫೋನುಗಳನ್ನು ಉಳಿಸಿದುದು ಹವ್ಯಾಸಿಗಳು ಕಟ್ಟಿದ ಕರ್ನೆಲ್ಲುಗಳೇ. ಮರುವರ್ಷ ಇನ್ನೊಂದು ವಿನೋದ ನಡೆಯಿತು. ಗ್ಯಾಲಕ್ಸಿ ಎಸ್ 4ರ ಒಂದು ಮಾದರಿಯಲ್ಲಿ, ವೇಗವನ್ನಳೆಯುವ ಪರೀಕ್ಷಾ ಆ್ಯಪ್‌ಗಳ ಹೆಸರನ್ನು ಕಂಡೊಡನೆ ಚಿತ್ರಸಂಸ್ಕಾರಕವು 480 ಮೆಗಾಹರ್ಟ್ಸ್ ಬದಲು 532ರಲ್ಲಿ ಓಡುವಂತೆ ತಯಾರಕರೇ ಏರ್ಪಡಿಸಿದ್ದುದು ಪತ್ತೆಯಾಯಿತು. ಬಡಪಾಯಿ ಹುಡುಗನು ತನ್ನ ಫೋನಿಗೆ ಮಾಡಿದರೆ ವಾರಂಟಿ ರದ್ದಾಗುವ ಕಾರ್ಯವನ್ನು ದೊಡ್ಡವರು ಪರೀಕ್ಷಕನ ಕಣ್ಣಿಗೆ ಮಣ್ಣೆರಚಲು ಮಾಡಿದ್ದರು.

ನಮ್ಮ ದೇಶದ ಮಾರುಕಟ್ಟೆಗೆ ವಿಶಿಷ್ಟವಾದ ವಿಘ್ನವೊಂದಿತ್ತು. ಬೆಂಗಳೂರಿನ ಯುಟಿಎಲ್ ಸಮೂಹವು ದೆಹಲಿಯ ಜೈನಾ ಸಮೂಹದೊಡನೆ ಕೂಡಿ 2009ರಲ್ಲಿ ಸ್ಥಾಪಿಸಿದ ಕಾರ್ಬನ್, ಹರಿಯಾಣದ ಮೈಕ್ರೋಮ್ಯಾಕ್ಸ್ ಮುಂತಾದ ದೇಶೀಯ ಮುದ್ರೆಗಳ ಅಗ್ಗದ ಫೋನುಗಳಲ್ಲಿ ಬಹುಪಾಲು ಮೀಡಿಯಾಟೆಕ್ ಚಿಪ್ಪುಗಳಿದ್ದುವು. ಅಂಥ ಅನೇಕ ಫೋನುಗಳ ತಿರುಳಿನ ಮೂಲಸಂಕೇತವು ಹೊರಬರಲೇ ಇಲ್ಲ. ಪರವಾನಗಿಯ ಕರಾರು ಕಾಗದದ ಮೇಲುಳಿಯಿತು. ಕಟ್ಟುವವನ ಕೈಗೆ ಮಣ್ಣೇ ಸಿಕ್ಕದಿದ್ದರೆ ಮಡಕೆಯೆಲ್ಲಿಂದ? 2014ರ ಫೆಬ್ರುವರಿಯಲ್ಲಿ ಮೊಟೊ ಜಿ, ಅದೇ ವರ್ಷದ ಜುಲೈಯಲ್ಲಿ ಶಿಯೋಮಿಯ ಮಿ 3, ಎರಡೂ ಬೆಂಗಳೂರಿನ ಫ್ಲಿಪ್‌ಕಾರ್ಟ್ ಮೂಲಕ ಬಂದಮೇಲೆ ಪರಿಸ್ಥಿತಿ ಬದಲಾಯಿತು. 2017ರ ಜನವರಿಯ ರೆಡ್‌ಮಿ ನೋಟ್ 4ರ ಹೊತ್ತಿಗಂತೂ ಕರ್ನೆಲ್ ಕಟ್ಟುವವರಲ್ಲಿ ಭಾರತದ ಕಾಲೇಜು ವಿದ್ಯಾರ್ಥಿಗಳು ಹೇರಳವಾಗಿದ್ದರು. ಬೀಗವನ್ನು ತೆಗೆಯಲು ಕಂಪನಿಗೆ ಅರ್ಜಿ ಹಾಕಿ ದಿನಗಳನ್ನೆಣಿಸುವುದು ಆ ಕಾಲದ ಹೊಸ ವ್ರತ.

ಆದರೆ ಏರುವ ಹೊತ್ತಿನಲ್ಲೇ ಇಳಿತವೂ ಮೊದಲಾಗಿತ್ತು. ನಾಲ್ಕು, ಎಂಟು ಕೋರುಗಳ ಸಂಸ್ಕಾರಕಗಳು ಬಂದಮೇಲೆ ತಡೆ ವೇಗದ್ದಾಗಿರದೆ ಕಾವಿನದಾಯಿತು. ಎಷ್ಟೇ ಏರಿಸಿದರೂ ಫೋನು ಬಿಸಿಯಾದೊಡನೆ ತಾನೇ ಇಳಿದುಬಿಡುತ್ತಿತ್ತು. 2016ರಲ್ಲಿ ಯುಪಿಐ ಬಂದಿತು, ನವೆಂಬರಿನಲ್ಲಿ ನೋಟುರದ್ದತಿಯಾಯಿತು, ಚಹದಂಗಡಿಯವನೂ ಫೋನಿನಲ್ಲೇ ಹಣ ಕೇಳತೊಡಗಿದನು. ಬೀಗ ತೆಗೆದ ಫೋನನ್ನು ಕಂಡರೆ ಹಲವು ಬ್ಯಾಂಕುಗಳ ಆ್ಯಪ್‌ಗಳು ಮುಖ ತಿರುಗಿಸುತ್ತಿದ್ದುವು. ಸಂಬಳವೋ ವೇಗವೋ ಎಂಬ ಪ್ರಶ್ನೆಗೆ ಕುರಕುಂಭದ ಕೋಣೆಗಳು ಕೊಟ್ಟ ಉತ್ತರವನ್ನು ಊಹಿಸಬಹುದು. ಅದೇ ವರ್ಷದ ಡಿಸೆಂಬರಿನಲ್ಲಿ ಸಯನೋಜನ್‌ಮಾಡ್ ಮುಗಿದು ಲೀನಿಯೇಜ್ ಎಂಬ ಹೆಸರಿನಲ್ಲಿ ಮರುಹುಟ್ಟು ಪಡೆಯಿತು. ಗವರ್ನರುಗಳ ಚಾತುರ್ಯವನ್ನೂ ಲಿನಕ್ಸ್ ತಾನೇ ಕಲಿತುಕೊಂಡಿತು; ಶಕ್ತಿಯ ವ್ಯಯವನ್ನು ಲೆಕ್ಕಹಾಕಿ ಕೆಲಸ ಹಂಚುವ ಕ್ರಮವು 2019ರ 5.0ನೆಯ ಆವೃತ್ತಿಯಲ್ಲಿ ಮೂಲಪಾಠವನ್ನೇ ಸೇರಿತು. 2021ರಿಂದೀಚೆಗೆ ಗೂಗಲ್ ಹೊಸ ಫೋನುಗಳಿಗೆ ಒಂದೇ ಸಾಮಾನ್ಯ ತಿರುಳನ್ನು ವಿಧಿಸಿ, ಬೇರೆಬೇರೆ ಚಿಪ್ಪುಗಳ ವಿಶೇಷಗಳನ್ನು ಪ್ರತ್ಯೇಕ ಭಾಗಗಳಾಗಿ ಜೋಡಿಸುವ ಏರ್ಪಾಡು ಮಾಡಿದೆ. ಇದು ಸುರಕ್ಷತೆಗೆ ಒಳ್ಳೆಯದೆಂದು ನಾನೂ ಒಪ್ಪುತ್ತೇನೆ, ಉತ್ಸಾಹವಿಲ್ಲದೆ.

ನನ್ನ ನೆರೆಯವನು ಮುಂದೆ ಮದುವೆಯಾಗಿ ಊರಿಗೆ ಮರಳಿದನು. ಹೊರಡುವ ದಿನ ಆ ಹಳೆಯ ಆಪ್ಟಿಮಸ್ ಒನ್ ಫೋನನ್ನು ನನಗೆ ಕೊಟ್ಟು, "ಸ್ಪೀಡ್ ಇಳಿಸೀನ್ರಿ ಕಾಕಾ, ಈಗ ಆರುನೂರಕ್ಕ ಐತಿ," ಎಂದನು. ಕಳೆದ ತಿಂಗಳು ಅದನ್ನು ಮೇಜಿನ ಖಾನೆಯಿಂದ ತೆಗೆದು ಚಾರ್ಜಿಗೆ ಹಚ್ಚಿದಾಗ ಬ್ಯಾಟರಿ ಉಬ್ಬಿದ್ದರೂ ಅದು ಎದ್ದು ನಿಂತಿತು, ನಾಲ್ಕು ನಿಮಿಷ ಹಿಡಿಯಿತು ಅಷ್ಟೆ. ಕನ್ನಡ ಕಾಣಿಸುತ್ತದೆ, ಒತ್ತಕ್ಷರ ಸಹಿತ.